ಕೈ ಊರದೆ

"ಕೈ ಊರಬಾರದು ಅಂದ್ರಲ್ಲ ಸಿಸ್ಟರಮ್ಮಾ, ನೀವೇ ಊರಿಬಿಟ್ರಿ!"

ಕುರ್ಚಿಯಿಂದ ಏಳಲು ಹೋದ ನರ್ಸ್, ಮೇಜನ್ನು ಅದುಮಿದ್ದ ತನ್ನ ಕೈಯನ್ನೇ ನೋಡಿಕೊಂಡಳು. ಮಂಡಿ ಸವೆದವರಿಗೆ ಬರೀ ಮಾತ್ರೆ ಕೊಟ್ಟು ಕಳಿಸಬೇಡಿ, ಎದೆಯ ಮೇಲೆ ಕೈ ಕಟ್ಟಿಕೊಂಡು ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಬರೆದುಕೊಂಡು ವ್ಯಾಯಾಮ ಕಲಿಸಿ ಎಂಬ ಹೊಸ ನಿಯಮ ಬಂದು ತಿಂಗಳಾಗಿತ್ತು. ಬೆಳಗಿನಿಂದ ಮೂವತ್ತೊಂದು ಜನರನ್ನು ಎಬ್ಬಿಸಿ ಕೂರಿಸಿ ಅವಳಿಗೆ ಸಾಕುಸಾಕಾಗಿತ್ತು. ಮೂವತ್ತೆರಡನೆಯವಳು ಈ ಇಸ್ತ್ರಿ ಅಂಗಡಿಯಾಕೆ. ಒಂಬತ್ತು ಸಲ ಎದ್ದು ಕೂತು, ಏದುಸಿರಿನಲ್ಲೇ "ಸರಿಯಾಗಿ ಮಾಡಿದ್ನಾ? ನೀವೊಂದ್ಸಲ ತೋರಿಸಿ" ಎಂದಿದ್ದಳು.

"ನಿಮಗೆ ಎಷ್ಟು ವರ್ಷದಿಂದ ಸಿಸ್ಟರಮ್ಮಾ, ಈ ಮಂಡಿನೋವು?"

"ಆರು," ಎಂದಳು ನರ್ಸ್.

"ಯಾರಿಗೆ ತೋರಿಸಿದ್ರಿ?"

"ಪುರುಸೊತ್ತೆಲ್ಲಿ ಅಕ್ಕಾ? ಮಾತ್ರೆ ನುಂಗ್ತೀನಿ, ದಿನ ತಳ್ತೀನಿ."

"ದೀಪದ ಬುಡದಲ್ಲೇ ಕತ್ತಲು!" ಇಸ್ತ್ರಿಯಾಕೆ ಸ್ಟಾಪ್‌ವಾಚನ್ನು ತನ್ನತ್ತ ಎಳೆದುಕೊಂಡು, ಖಾಲಿ ಫಾರಂ ಒಂದನ್ನು ನರ್ಸಿನ ಮುಂದೆ ಸರಿಸಿದಳು. "ಹೆಸರು ನೀವೇ ಬರ್ಕೊಳ್ಳಿ, ನಂಗೆ ಅಕ್ಷರ ಬರಲ್ಲ. ಬಟ್ಟೆ ಎಣಿಸಿ ಎಣಿಸಿ ಲೆಕ್ಕ ಮಾತ್ರ ತಪ್ಪಲ್ಲ. ಹೂಂ, ಏಳಿ."

ನರ್ಸ್ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಫಾರಮ್ಮಿನ ಮೇಲೆ ತನ್ನ ಹೆಸರು ಬರೆದು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡಳು.