ಅರಸರ ತೂಕ

ನಮ್ಮ ಸೀಮೆಯಲ್ಲಿ ಕೊಂದವರ ಬೆನ್ನಿಗೆ ಸತ್ತವನು ಅಂಟಿಕೊಳ್ಳುತ್ತಾನೆ. ಅವನ ಮನೆಯ ಜಗಲಿಗೆ ಒಯ್ದು ಇಳಿಸುವವರೆಗೂ ಬಿಡುವುದಿಲ್ಲ. ಹಾಗಾಗಿ ಯುದ್ಧದಲ್ಲಿ ಕತ್ತಿಗಿಂತ ವಿಚಾರಣೆಯೇ ಹೆಚ್ಚು. "ಯಾವೂರು ನಿಂದು? ದಾರೀಲಿ ಹೊಳೆ ಇದೆಯಾ?" ಎಂದು ಕೇಳಿಕೊಂಡೇ ಸೈನಿಕರು ಕತ್ತಿ ಎತ್ತುತ್ತಾರೆ.

ಅರಸರ ಮನೆ ಬೆಟ್ಟದ ಮೇಲಿನ ಕೋಟೆ, ಒಂಬೈನೂರು ಮೆಟ್ಟಿಲು. ಅವರ ತೂಕ ನಾಲ್ಕಾಳಿನಷ್ಟು. ಆ ತೂಕ ಕಾಪಾಡುವವಳು ನಾನು, ಅರಮನೆ ಅಡುಗೆಯ ಮಾಚವ್ವ. ದಂಗೆ ಎದ್ದ ಮಾಂಡಲಿಕ ಕಲಿಬೊಪ್ಪ ಆರು ವರ್ಷದಿಂದ ದಂಡು ಕಟ್ಟಿಕೊಂಡು ಬರುತ್ತಾನೆ, ಕೊಲ್ಲುವ ಮುಂಚೆ ಅರಸರನ್ನೊಮ್ಮೆ ಎತ್ತಿ ನೋಡುತ್ತಾನೆ, ಸೊಂಟ ಹಿಡಿದುಕೊಂಡು ವಾಪಸು ಹೋಗುತ್ತಾನೆ.

ಈ ಸಲ ಅರಸರಿಗೆ ಹೊಟ್ಟೆ ಕೆಟ್ಟು ತಿಂಗಳಿಡೀ ಬರೀ ಗಂಜಿ. ಕಾಳಗದ ದಿನ ನನಗೆ ಜೀವ ತಡೆಯಲಿಲ್ಲ. ಹೂರಣ, ಕಣಕ, ಕಬ್ಬಿಣದ ಹಂಚು ಹೊತ್ತು ಬಯಲಿಗೇ ಓಡಿದೆ. ಅಷ್ಟರಲ್ಲಿ ಕಲಿಬೊಪ್ಪ ಅರಸರನ್ನು ಎತ್ತಿಯೇಬಿಟ್ಟಿದ್ದ.

"ಇಳಿದುಹೋಗಿದ್ದೀರಿ, ಸ್ವಾಮಿ!" ಎಂದು ನಕ್ಕು, ಅವರನ್ನು ಕೆಳಗಿಳಿಸಿ ಕತ್ತಿ ಹಿರಿದ.

ನಾನು ಹಂಚಿನಿಂದ ಅವನ ತಲೆಗೆ ಬಾರಿಸಿದೆ. ಯಾವೂರು ಅಂತ ಕೇಳುವುದನ್ನೇ ಮರೆತಿದ್ದೆ. ಅವನು ಸತ್ತು ನನ್ನ ಬೆನ್ನಿಗೆ ಅಂಟಿದ ಮೇಲೆ ಅವನ ಕಡೆಯವರು ಹೇಳಿದರು: ಎಂಟು ದಿನದ ದಾರಿ, ನಡುವೆ ಮೂರು ಹೊಳೆ.

ಬೈದುಕೊಳ್ಳುತ್ತ ನಾಲ್ಕು ಹೆಜ್ಜೆ ಇಟ್ಟಿದ್ದೆ. ಹಿಂದಿನಿಂದ ಅರಸರು ಕೂಗಿದರು: "ಮಾಚವ್ವ, ಹಾಗಾದರೆ ಮಧ್ಯಾಹ್ನದ ಊಟ?"

ನಾನು ತಿರುಗಿ ನೋಡಲಿಲ್ಲ. ಇಬ್ಬರಲ್ಲಿ ಬೆನ್ನ ಮೇಲಿದ್ದವನೇ ಹಗುರ ಅನ್ನಿಸಿತು.