ಆಟಿಕೆ ಪಿಯಾನೋದ ಶ್ರುತಿ

ಮಗಳ ಆಟಿಕೆ ನಿಂತಿದೆಯೆಂದು ಮುಚ್ಚಳ ತೆಗೆದೆ; ಸೋರಿದ ಸೆಲ್ಲಿನ ವಾಸನೆಗೆ ಧಾರವಾಡದ ಒಂದು ಮಧ್ಯಾಹ್ನ ನೆನಪಾಗಿ, ಕೂತಲ್ಲಿ ಕೂರಲಾಗುತ್ತಿಲ್ಲ.

ತಂಬೂರಿಯ ತಂತಿ ಹರಿದಿದ್ದರಿಂದ ಅಜ್ಜ ನನ್ನ ಆಟಿಕೆ ಪಿಯಾನೋದ ಶ್ರುತಿಗೆ ಹಾಡುತ್ತಿದ್ದರು. ವಯಸ್ಸಾಗಿ ಎಟುಕದೇ ಹೋಗಿದ್ದ ಮೇಲಿನ ಷಡ್ಜ ಅಂದು ಸಲೀಸಾಗಿ ಎಟುಕಿತು.

“ಕೇಳಿದೇನ? ಧ್ವನಿ ತಿರುಗಿ ಬಂತು!” ಎಂದು ಅಜ್ಜಿಗೆ ಕೂಗಿ ಹೇಳಿದರು.

ಪಿಯಾನೋ ಕೆಟ್ಟಿದೆ ಎಂದು ನಾನು ಕಾಡಿದ್ದಕ್ಕೆ ಅಪ್ಪ ಅದನ್ನು ಅಜ್ಜಿಯಿದ್ದ ಅಡುಗೆಮನೆಗೆ ತಂದು ಬಿಚ್ಚಿದರು.

“ಅವ್ವಾ, ಸೆಲ್ ಸೋರ್ಯಾವ. ಅದಕ್ಕ ಶ್ರುತಿ ಇಳದೈತಿ. ಹೊಸಾವ ಹಾಕ್ತೇನಿ.”

“ಏನೂ ಬ್ಯಾಡ,” ಎಂದರು ಅಜ್ಜಿ.

ನಾನು ಅತ್ತೆನೇ? ಅತ್ತಿರಬೇಕು, ಖಚಿತವಿಲ್ಲ. ಅಜ್ಜಿ ಸೆರಗಿನಿಂದ ಹಸಿರು ಪುಡಿ ಒರೆಸಿ, ಅವೇ ಸೆಲ್ಲುಗಳನ್ನು ಒತ್ತಿ ಕೂರಿಸಿ, ಪಿಯಾನೋವನ್ನು ಅಜ್ಜನ ಮುಂದಿಟ್ಟರು.

“ಇನ್ನೊಮ್ಮೆ ಹಾಡ್ರಿ, ಕೇಳೂಣು.”