ರೊಟ್ಟಿಯ ಅಂಚು

ಹಂಚಿನ ಮೇಲೆ ಜೋಳದ ರೊಟ್ಟಿಯ ಅಂಚು ಸೀದ ವಾಸನೆ ಬಂದರೆ ಈಗಲೂ ನನಗೆ ಅಣ್ಣ ನೆನಪಾಗುತ್ತಾನೆ.

ಆಗ ನಿಜಾಮರ ಆಳ್ವಿಕೆ. ನಾವು ಸೇಡಂನಲ್ಲಿದ್ದೆವು. ಎಂಟು ವರ್ಷದ ಅಣ್ಣನನ್ನು ಮಠಕ್ಕೆ ಮರಿಸ್ವಾಮಿಯಾಗಿ ಕೊಟ್ಟು ಒಂದು ಬೇಸಿಗೆ ಕಳೆದಿತ್ತು. ಆ ಮಧ್ಯಾಹ್ನ ಮೊದಲ ಸಲ ಅವನು ಜೋಳಿಗೆ ಹಿಡಿದು ನಮ್ಮ ಬಾಗಿಲಿಗೇ ಭಿಕ್ಷೆಗೆ ಬಂದ. ಬೋಳುತಲೆ, ನೆಲಕ್ಕೆ ತಾಗುವ ಕಾವಿ, ಹಣೆಯ ತುಂಬ ವಿಭೂತಿ. "ಅಣ್ಣಾ" ಎಂದು ಓಡಿದ ನನ್ನನ್ನು ಅಜ್ಜಿ ಲಂಗ ಹಿಡಿದು ನಿಲ್ಲಿಸಿದಳು.

"ಮುಟ್ಟಬ್ಯಾಡ. ಇನ್ನ ಅವ್ರು ಊರಿಗೇ ಅಪ್ಪೋರು," ಎಂದಳು. ಆಮೇಲೆ ಅವ್ವನ ಕಡೆ ತಿರುಗಿದಳು. "ಕಾಲಿಗಿ ಬೀಳವ್ವ. ನೀನೇ ಕೈಯಾರೆ ಕೊಟ್ಟಿ, ಈಗ ಕಣ್ಣಾಗ ನೀರು ತರಬ್ಯಾಡ."

ಅವ್ವ ಬಿಸಿಲಿಗೆ ಕಾದ ಹಾಸುಗಲ್ಲಿನ ಮೇಲೆ ಹಣೆಯಿಟ್ಟು, ತಾನು ಹೆತ್ತ ಮಗನ ಕಾಲಿಗೆ ಬಿದ್ದಳು. ಆ ಪುಟ್ಟ ಕಾಲ್ಬೆರಳುಗಳು ಮುದುಡಿಕೊಂಡವು.

ಎದ್ದು ಒಳಗೆ ಹೋಗಿ ಬಿಸಿ ರೊಟ್ಟಿ ತಂದಳು. ಗಟ್ಟಿ ಅಂಚು ಅಣ್ಣನಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಅವಳು ಅದನ್ನು ಸುತ್ತಲೂ ಮುರಿದು ಮುಷ್ಟಿಯಲ್ಲಿಟ್ಟುಕೊಂಡು, ಮೆತ್ತಗಿನ ನಡುಭಾಗವನ್ನಷ್ಟೇ ಜೋಳಿಗೆಗೆ ಹಾಕಿದಳು. ಮಠದಲ್ಲಿ ಎಲ್ಲ ಮನೆಗಳ ರೊಟ್ಟಿಯೂ ಒಂದೇ ಬುಟ್ಟಿಗೆ ಬೀಳುತ್ತದೆ, ಯಾರ ಪಾಲಿಗೆ ಯಾವುದು ಬರುತ್ತದೋ ತಿಳಿಯದು ಎಂಬುದು ಅವಳಿಗೆ ಗೊತ್ತಿತ್ತು.

ಅಣ್ಣ ಜೋಳಿಗೆ ಮುಚ್ಚಲಿಲ್ಲ. ಓಣಿಯ ಬೇರೆ ಹೆಂಗಸರಿಗೆ ಹೇಳುವ ಹಾಗೆಯೇ, ತಲೆ ತಗ್ಗಿಸಿ ಅವ್ವನಿಗೆ ಹೇಳಿದ:

"ಅಂಚೂ ಹಾಕ್ರಿ, ತಾಯಿ. ಈಗ ತಿಂತೀನಿ."

ಅವ್ವ ಮುಷ್ಟಿ ಬಿಚ್ಚಲಿಲ್ಲ. ಅವನು ಸ್ವಲ್ಪ ಹೊತ್ತು ಕಾದು, ಮುಂದಿನ ಮನೆಗೆ ನಡೆದ.